ನಳಿಗೆಯ ತುದಿಯಲ್ಲಿ ನ್ಯೂಟನ್

ಎನ್‌ಸಿಸಿ ಶಿಬಿರಕ್ಕೆ ಹೋಗಿಬಂದ ಹುಡುಗರನ್ನು ಕೇಳಿ ನೋಡಿ. ಫೈರಿಂಗ್ ದಿನದ ಕತೆಯೊಂದು ಎಲ್ಲರ ಬಳಿಯೂ ಇರುತ್ತದೆ. ನೆಲಕ್ಕೆ ಹೊಟ್ಟೆಯೂರಿ ಮಲಗಿ, ಉಸಿರು ಬಿಗಿಹಿಡಿದು, ಪಾಯಿಂಟ್ 22 ರೈಫಲಿನಿಂದ ಐದು ಗುಂಡು ಹಾರಿಸಿದ ಹುಡುಗ, ಅಪ್ಪಣೆಯಾದ ಮೇಲೆ ಗುರಿಹಲಗೆಯ ಬಳಿ ಹೋಗಿ ನೋಡುತ್ತಾನೆ. ನಡುವಿನ ಕಪ್ಪು ವೃತ್ತದಲ್ಲಿ ಒಂದೂ ತೂತಿಲ್ಲ. ಮುಖ ಬಾಡುತ್ತದೆ. ಆದರೆ ಕಾಗದದ ಕೆಳಗಿನ ಬಲಮೂಲೆಯಲ್ಲಿ ಐದೂ ತೂತುಗಳು ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಾದಷ್ಟು ಒತ್ತೊತ್ತಾಗಿ ಬಿದ್ದಿವೆ. ಕೆಡೆಟ್‌ಗಳು ‘ಉಸ್ತಾದ್’ ಎಂದು ಕರೆಯುವ ಹವಾಲ್ದಾರರು ಅದನ್ನು ನೋಡಿ ಹುಡುಗನ ಬೆನ್ನು ತಟ್ಟುತ್ತಾರೆ. ತಪ್ಪು ಹುಡುಗನದಲ್ಲ, ಫೋರ್‌ಸೈಟಿನದು.

ಉಸ್ತಾದರ ಈ ತೀರ್ಪಿನಲ್ಲಿ ಪ್ರೌಢಶಾಲೆಯ ವಿಜ್ಞಾನದ ಒಂದು ಪಾಠವೇ ಅಡಗಿದೆ. ಪ್ರಯೋಗಾಲಯದ ಸ್ಕ್ರೂಗೇಜನ್ನು ನೆನಪಿಸಿಕೊಳ್ಳಿ. ಅದರ ಎರಡು ತುದಿಗಳು ಕೂಡಿದಾಗ ಮಾಪಕ ಸೊನ್ನೆಯನ್ನು ತೋರಿಸಬೇಕು. ತೋರಿಸದಿದ್ದರೆ ಅದು ಶೂನ್ಯ ದೋಷ. ಆಗ ತಂತಿಯ ದಪ್ಪವನ್ನು ಹತ್ತು ಸಲ ಅಳೆದರೂ ಹತ್ತು ಉತ್ತರಗಳೂ ಒಂದಕ್ಕೊಂದು ಹೊಂದುತ್ತವೆ, ಆದರೆ ಹತ್ತೂ ತಪ್ಪಾಗಿರುತ್ತವೆ. ಒತ್ತೊತ್ತಾಗಿ ಬಿದ್ದ ಐದು ತೂತುಗಳ ಕತೆಯೂ ಇದೇ. ಕೈ ನಡುಗಿದರೆ ಗುಂಡುಗಳು ಚದುರುತ್ತವೆ. ಸೈಟ್ ತಪ್ಪಿದರೆ ಗುಂಡುಗಳು ಒಟ್ಟಾಗಿಯೇ ದಾರಿ ತಪ್ಪುತ್ತವೆ. ಸೈನಿಕರು ಈ ಎರಡನೆಯ ದೋಷವನ್ನು ತಿದ್ದುವುದಕ್ಕೆ ‘ಝೀರೋಯಿಂಗ್’ ಎನ್ನುತ್ತಾರೆ. ಹೆಸರಿನಲ್ಲಿಯೇ ಸೊನ್ನೆ ಇದೆ.

ರೈಫಲಿನ ನಳಿಗೆಯ ಕೊನೆಯ ನಾಲ್ಕೈದು ಅಂಗುಲಗಳಲ್ಲಿ ಎರಡು ಸಣ್ಣ ಸಾಧನಗಳು ಕುಳಿತಿರುತ್ತವೆ. ಒಂದು ಈ ಫೋರ್‌ಸೈಟ್. ಇನ್ನೊಂದು, ಎಲ್ಲ ಕೋವಿಗಳಲ್ಲೂ ಇಲ್ಲದ ಮಝಲ್ ಬ್ರೇಕ್. ಕೋವಿಯ ಬೇರಾವ ಭಾಗವನ್ನು ಬದಲಿಸಿದರೂ ಇಷ್ಟು ಲೆಕ್ಕ ಹಾಕಬೇಕಾಗಿಲ್ಲ. ಇವೆರಡನ್ನು ಹೊಸದಾಗಿ ಕೂರಿಸುವವರು ಮಾತ್ರ ರೇಖಾಗಣಿತಕ್ಕೂ ನ್ಯೂಟನ್ನನಿಗೂ ಉತ್ತರ ಹೇಳಬೇಕಾಗುತ್ತದೆ. ಅದರ ಜೊತೆಗೆ ಪಕ್ಕದಲ್ಲಿ ನಿಂತವರ ಕಿವಿಗೂ.

ಒಂದು ಮಿಲಿಮೀಟರಿನ ಬೆಲೆ

ಫೋರ್‌ಸೈಟ್ ಎಂದರೆ ನಳಿಗೆಯ ತುದಿಯಲ್ಲಿ ನೆಟ್ಟಗೆ ನಿಂತ ಪುಟ್ಟ ಮೊಳೆ. ಕಣ್ಣಿಗೆ ಹತ್ತಿರವಿರುವ ಕಚ್ಚು ಅಥವಾ ರಂಧ್ರ ಬ್ಯಾಕ್‌ಸೈಟ್. ಕಚ್ಚಿನ ನಡುವೆ ಮೊಳೆ, ಮೊಳೆಯ ತುದಿಯಲ್ಲಿ ಗುರಿ, ಹೀಗೆ ಮೂರೂ ಒಂದೇ ಸಾಲಿಗೆ ಬಂದರೆ ಕೋವಿ ಸರಿಯಾದ ದಿಕ್ಕಿಗಿದೆ ಎಂದು ಅರ್ಥ. ಈ ಎರಡು ಸೈಟ್‌ಗಳ ನಡುವಿನ ಅಂತರ ಒಂದು ಚಿಕ್ಕ ತ್ರಿಕೋನದ ಬಾಹುವಾದರೆ, ಕೋವಿಯಿಂದ ಗುರಿಯವರೆಗಿನ ದೂರ ಒಂದು ದೊಡ್ಡ ತ್ರಿಕೋನದ ಬಾಹು. ಎರಡೂ ಸಮರೂಪ ತ್ರಿಕೋನಗಳು. ಚಿಕ್ಕದರಲ್ಲಿ ಆದ ತಪ್ಪು ದೊಡ್ಡದರಲ್ಲಿ ಅದೇ ಅನುಪಾತದಲ್ಲಿ ಬೆಳೆಯುತ್ತದೆ.

ಒಂದು ನಿಜವಾದ ಕೋವಿಯನ್ನೇ ತೆಗೆದುಕೊಳ್ಳೋಣ. ಮಿಖಾಯಿಲ್ ಕಲಾಶ್ನಿಕೋವ್ ರೂಪಿಸಿ, ಸೋವಿಯತ್ ಸೈನ್ಯ 1959ರಲ್ಲಿ ಸ್ವೀಕರಿಸಿದ ಎಕೆಎಂ ರೈಫಲಿನಲ್ಲಿ ಎರಡು ಸೈಟ್‌ಗಳ ನಡುವಿನ ಅಂತರ 378 ಮಿಲಿಮೀಟರ್. ಗುರಿ 100 ಮೀಟರ್ ದೂರದಲ್ಲಿದೆ ಎನ್ನಿ. ಒಂದು ಲಕ್ಷ ಮಿಲಿಮೀಟರನ್ನು 378ರಿಂದ ಭಾಗಿಸಿದರೆ ಸುಮಾರು 265 ಬರುತ್ತದೆ. ಅಂದರೆ ಮೊಳೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು ಗುರಿಯಲ್ಲಿ 26 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ಒಂದು ಗೇಣಿಗೂ ಮಿಗಿಲು!

ಮೊಳೆಯನ್ನು ಯಾವ ಕಡೆಗೆ ಸರಿಸಬೇಕು ಎಂಬಲ್ಲಿ ಹೊಸಬರು ಎಡವುತ್ತಾರೆ. ಗುಂಡು ಕೆಳಗೆ ಬಿದ್ದರೆ ಮೊಳೆಯನ್ನು ಕೆಳಕ್ಕೆ ಇಳಿಸಬೇಕು. ಬಲಕ್ಕೆ ಬಿದ್ದರೆ ಮೊಳೆಯನ್ನು ಬಲಕ್ಕೇ ತಳ್ಳಬೇಕು. ಕೇಳಿದಾಗ ತಿರುಗುಮುರುಗು ಅನ್ನಿಸುತ್ತದೆ. ಆದರೆ ಯೋಚಿಸಿ: ಮೊಳೆ ಗಿಡ್ಡವಾದರೆ ಅದರ ತುದಿಯನ್ನು ಹಿಂದಿನ ಕಚ್ಚಿನ ಮಟ್ಟಕ್ಕೆ ತರಲು ಇಡೀ ನಳಿಗೆಯ ಮೂತಿಯನ್ನೇ ಎತ್ತಬೇಕಾಗುತ್ತದೆ. ಮೂತಿ ಎತ್ತಿದರೆ ಗುಂಡು ಮೇಲಕ್ಕೆ ಹೋಗುತ್ತದೆ. ಫೋರ್‌ಸೈಟ್ ತಪ್ಪನ್ನು ಹಿಂಬಾಲಿಸಬೇಕು, ಬ್ಯಾಕ್‌ಸೈಟ್ ತಪ್ಪಿನಿಂದ ದೂರ ಸರಿಯಬೇಕು. ಇಷ್ಟು ನೆನಪಿಟ್ಟರೆ ಸಾಕು.

ತಿರುಪಿಲ್ಲದ, ಒಂದೇ ಕಡೆ ಭದ್ರವಾಗಿ ಕೂರಿಸುವ ಹಳೆಯ ಮಾದರಿಯ ಫೋರ್‌ಸೈಟನ್ನು ಹೊಸದಾಗಿ ಹಾಕುವ ಕುಶಲಕರ್ಮಿಗಳು ಮೊಳೆಯನ್ನು ಬೇಕೆಂದೇ ಸ್ವಲ್ಪ ಎತ್ತರ ಬಿಟ್ಟಿರುತ್ತಾರೆ. ಆಮೇಲೆ ಗುಂಡು ಹಾರಿಸಿ, ಅರದಿಂದ ಒಂದಿಷ್ಟು ಉಜ್ಜಿ, ಮತ್ತೆ ಹಾರಿಸಿ, ಹೀಗೆ ಹಂತಹಂತವಾಗಿ ಇಳಿಸುತ್ತಾರೆ. ಬೆಳೆಯುವ ಹುಡುಗನ ಚಡ್ಡಿಗೆ ದರ್ಜಿ ಮಡಿಕೆ ಬಿಟ್ಟು ಹೊಲಿಯುವ ಹಾಗೆ. ಉಜ್ಜಿದ ಕಬ್ಬಿಣವನ್ನು ಮರಳಿ ಬೆಳೆಸಲು ಬಾರದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದಷ್ಟು ಸಣ್ಣದು. ಎಕೆಎಂನಂಥ ಕೋವಿಯಲ್ಲಿ ಮೊಳೆ ಒಂದು ಉಕ್ಕಿನ ದಿಮ್ಮಿಯ ಮೇಲೆ ನಿಂತಿರುತ್ತದೆ. ಆ ದಿಮ್ಮಿಯನ್ನು ನಳಿಗೆಗೆ ತೊಡಿಸಿ ಎರಡು ಅಡ್ಡ ಪಿನ್ನುಗಳಿಂದ ಬಂಧಿಸಿರುತ್ತಾರೆ. ಹೊಸ ದಿಮ್ಮಿಯನ್ನು ಕೂರಿಸುವಾಗ ಅದು ಒಂದೇ ಒಂದು ಡಿಗ್ರಿ ವಾಲಿತು ಎನ್ನಿ. ಮೊಳೆಯ ತುದಿ ನಳಿಗೆಯ ನಡುರೇಖೆಯಿಂದ ಸುಮಾರು 5 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ಆ ಒಂದು ಡಿಗ್ರಿಯಿಂದ ತುದಿ ಸುಮಾರು 0.9 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. 100 ಮೀಟರಿನಲ್ಲಿ ಅದು 23 ಸೆಂಟಿಮೀಟರಿನ ತಪ್ಪು. ಗೋಡೆಯ ನೇರ ನೋಡಲು ಗಾರೆ ಕೆಲಸದವರು ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಡುತ್ತಾರಲ್ಲ, ಅದೇ ಉಪಾಯ ಇಲ್ಲಿಯೂ ಬರುತ್ತದೆ. ಕೋವಿಯನ್ನು ಅಲುಗಾಡದಂತೆ ಮಟ್ಟಸವಾಗಿ ಬಿಗಿದು, ಹಿಂದಿನ ಕಚ್ಚು, ಮುಂದಿನ ಮೊಳೆ ಎರಡೂ ಒಂದೇ ಲಂಬದಲ್ಲಿವೆಯೇ ಎಂದು ನೋಡಿಯೇ ಪಿನ್ನು ಬಡಿಯಬೇಕು. ಅಂತಿಮ ಪರೀಕ್ಷೆ ಕಾಗದದ ಮೇಲೆಯೇ. ಕಲಾಶ್ನಿಕೋವ್ ಕೋವಿಗಳಿಗೆ ಸೈನ್ಯದ ರೂಢಿ 100 ಮೀಟರಿನಲ್ಲಿ ನಾಲ್ಕು ಗುಂಡು ಹಾರಿಸಿ, ಅವುಗಳ ಸರಾಸರಿ ಬಿಂದುವನ್ನು ಹಿಡಿದು ತಿದ್ದುವುದು. ಒಂದೇ ಗುಂಡನ್ನು ನಂಬಿ ತಿದ್ದುವುದು, ಒಂದೇ ಅಳತೆ ತೆಗೆದು ಪ್ರಯೋಗದ ವರದಿ ಬರೆಯುವ ವಿದ್ಯಾರ್ಥಿಯ ಸೋಮಾರಿತನಕ್ಕೆ ಸಮ.

ಸೈಟ್ ಕದಲಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದ ಕ್ರೀಡಾ ಇತಿಹಾಸದಲ್ಲೇ ಉದಾಹರಣೆ ಇದೆ. 2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಅಂತಿಮ ಸುತ್ತಿಗೆ ಮುನ್ನ ಅಭಿನವ್ ಬಿಂದ್ರಾ ಹಾರಿಸಿದ ಪರೀಕ್ಷಾ ಗುಂಡು ನಡುವಿನಿಂದ ತೀರಾ ಹೊರಗೆ ಬಿತ್ತು. ಸ್ವಲ್ಪ ಹೊತ್ತಿನ ಹಿಂದೆ ಸರಿಯಾಗಿಯೇ ಇದ್ದ ಸೈಟ್ ಕದಲಿತ್ತು. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರಿನಷ್ಟೇ ಅಗಲ. ಬೇರೆಯವರಾದರೆ ತಮ್ಮ ಕೈಯನ್ನೇ ಅನುಮಾನಿಸಿ ಕಂಗೆಡುತ್ತಿದ್ದರೇನೋ. ಬಿಂದ್ರಾ ಸೈಟ್ ತಿರುಗಿಸಿ ಸರಿಪಡಿಸಿಕೊಂಡರು. ಅಂತಿಮ ಸುತ್ತಿನ ಮೊದಲ ಗುಂಡಿಗೆ 10.7, ಕೊನೆಯದಕ್ಕೆ 10.8, ಒಟ್ಟು 700.5 ಅಂಕ. ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ದಕ್ಕಿದ ಮೊದಲ ಒಲಿಂಪಿಕ್ ಚಿನ್ನ ಅದು. ದೋಷ ತನ್ನದೋ ಉಪಕರಣದ್ದೋ ಎಂದು ಬೇರ್ಪಡಿಸಿ ನೋಡುವುದೇ ವಿಜ್ಞಾನದ ಮೊದಲ ಶಿಸ್ತು.

ಒದೆತದ ಲೆಕ್ಕ

ಇನ್ನು ಎರಡನೆಯ ಸಾಧನ. ಕೋವಿ ಹಾರಿಸಿದರೆ ಭುಜಕ್ಕೆ ಒದೆಯುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ, ಹತ್ತನೇ ತರಗತಿ ದಾಟಿದವರಿಗೆಲ್ಲ ಗೊತ್ತು. ಆದರೆ ಒದೆಯುವುದು ಯಾವುದು ಎಂದು ಕೇಳಿದರೆ ಬಹುಮಂದಿ ‘ಗುಂಡು’ ಎನ್ನುತ್ತಾರೆ. ಅದು ಪೂರ್ಣ ಉತ್ತರವಲ್ಲ. ಗುಂಡಿನ ಹಿಂದೆಯೇ, ಉರಿದ ಮದ್ದು ಬಿಸಿ ಅನಿಲವಾಗಿ ಗುಂಡಿಗಿಂತಲೂ ಹೆಚ್ಚು ವೇಗದಲ್ಲಿ ನಳಿಗೆಯಿಂದ ಚಿಮ್ಮುತ್ತದೆ. ಅದಕ್ಕೂ ತೂಕವಿದೆ. ತೂಕವೂ ವೇಗವೂ ಇದ್ದಲ್ಲಿ ಸಂವೇಗ ಇದ್ದೇ ಇರುತ್ತದೆ.

ಎಕೆಎಂನ ಗುಂಡಿನ ತೂಕ 7.9 ಗ್ರಾಂ, ವೇಗ ಸೆಕೆಂಡಿಗೆ 715 ಮೀಟರ್. ಕಿಲೋಗ್ರಾಂ, ಮೀಟರ್, ಸೆಕೆಂಡುಗಳ ಏಕಮಾನದಲ್ಲಿ ಅದರ ಸಂವೇಗ ಸುಮಾರು 5.7. ಮದ್ದು 1.6 ಗ್ರಾಂ, ಅನಿಲದ ವೇಗವನ್ನು ಸೆಕೆಂಡಿಗೆ ಸುಮಾರು 1200 ಮೀಟರ್ ಎಂದು ಹಿಡಿದರೆ ಅದರ ಸಂವೇಗ 1.9. ಒಟ್ಟು 7.6ರಲ್ಲಿ ಅನಿಲದ ಪಾಲು ನಾಲ್ಕನೇ ಒಂದು! ಗುಂಡಿನ ಪಾಲನ್ನು ಯಾವ ಉಪಾಯದಿಂದಲೂ ಕಡಿಮೆ ಮಾಡಲಾಗದು. ಗುಂಡು ಮುಂದಕ್ಕೆ ಹೋಗಲೇಬೇಕಲ್ಲ. ಆದರೆ ಅನಿಲ ಮುಂದಕ್ಕೇ ಹೋಗಬೇಕೆಂದು ಯಾರ ಅಪ್ಪಣೆಯೂ ಇಲ್ಲ. ಅದನ್ನು ಪಕ್ಕಕ್ಕೆ ತಿರುಗಿಸಿದರೆ ಆ ಪಾಲಿನ ಒದೆತ ಉಳಿಯಿತು. ತುಸು ಹಿಂದಕ್ಕೇ ತಿರುಗಿಸಿದರೆ ಅದು ಕೋವಿಯನ್ನು ಮುಂದಕ್ಕೆ ಎಳೆಯುತ್ತದೆ. ಮಝಲ್ ಬ್ರೇಕ್ ಮಾಡುವ ಕೆಲಸ ಇಷ್ಟೇ. ನಳಿಗೆಯ ತುದಿಗೆ ತಿರುಪಿ ಹಾಕಿದ ಒಂದು ಉಕ್ಕಿನ ಕೊಳವೆ, ಅದರ ಬದಿಗಳಲ್ಲಿ ಕಿಟಕಿಗಳು, ಮುಂದೆ ಅನಿಲಕ್ಕೆ ಎದುರಾಗುವ ಗೋಡೆ, ಗೋಡೆಯ ನಡುವೆ ಗುಂಡು ಮಾತ್ರ ದಾಟುವಷ್ಟು ರಂಧ್ರ. ಬಿರುಗಾಳಿಗೆ ಎದೆಯೊಡ್ಡಿದ ಹಾಯಿಯಂತೆ ಆ ಗೋಡೆ ಕೋವಿಯನ್ನು ಮುಂದಕ್ಕೆ ಸೆಳೆಯುತ್ತದೆ. 1999ರ ಕಾರ್ಗಿಲ್ ಯುದ್ಧದ ಚಿತ್ರಗಳಲ್ಲಿ ಬೋಫೋರ್ಸ್ ತೋಪಿನ ನಳಿಗೆಯ ತುದಿಯಲ್ಲಿ ರಂಧ್ರಗಳುಳ್ಳ ದಪ್ಪ ಕೊಳವೆಯನ್ನು ಕಂಡವರಿಗೆ ಅದರ ಹಿರಿಯಣ್ಣನ ಪರಿಚಯ ಆಗಲೇ ಆಗಿದೆ.

ಎಕೆಎಂನ ತುದಿಯಲ್ಲಿ ಇಂಥ ಪೂರ್ಣ ಬ್ರೇಕ್ ಇರಲಿಲ್ಲ. ಓರೆಯಾಗಿ ಕತ್ತರಿಸಿದ ಬಿದಿರಿನ ಬೊಂಬಿನಂಥ ಒಂದು ತುಂಡು ಮಾತ್ರ ಇತ್ತು. ಅದರ ಕೆಳತುಟಿಗೆ ತಾಗಿದ ಅನಿಲ, ಮೇಲಕ್ಕೂ ಬಲಕ್ಕೂ ಎದ್ದೇಳುವ ಮೂತಿಯನ್ನು ಕೆಳಕ್ಕೂ ಎಡಕ್ಕೂ ಒತ್ತುತ್ತಿತ್ತು. 1974ರಲ್ಲಿ ಬಂದ ಎಕೆ-74 ಈ ಚಿತ್ರವನ್ನೇ ಬದಲಿಸಿತು. ಗುಂಡು 3.4 ಗ್ರಾಮಿಗೆ ಇಳಿಯಿತು, ವೇಗ ಸೆಕೆಂಡಿಗೆ 900 ಮೀಟರಿಗೆ ಏರಿತು, ಮದ್ದು 1.45 ಗ್ರಾಂ ಆಯಿತು. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿ ನೋಡಿ: ಗುಂಡಿನ ಪಾಲು 3.1, ಅನಿಲದ ಪಾಲು 1.7. ಈಗ ಒದೆತದ ಮೂರನೇ ಒಂದಂಶಕ್ಕಿಂತ ಹೆಚ್ಚು ಅನಿಲದ್ದೇ. ಗುಂಡು ಹಗುರವಾದಷ್ಟೂ ಬ್ರೇಕಿಗೆ ಕೆಲಸ ಜಾಸ್ತಿ, ಫಲವೂ ಜಾಸ್ತಿ. ಆದ್ದರಿಂದಲೇ ಎಕೆ-74ರ ಮೂತಿಯಲ್ಲಿ ಎರಡು ದೊಡ್ಡ ಕಿಟಕಿಗಳ ಉದ್ದನೆಯ ಬ್ರೇಕ್ ಬಂತು.

ಅದನ್ನು ಹೊರಲು ಫೋರ್‌ಸೈಟಿನ ದಿಮ್ಮಿಯೂ ಬದಲಾಗಬೇಕಾಯಿತು. ಎಕೆಎಂನಲ್ಲಿ ತಿರುಪಿನ ಎಳೆಗಳಿದ್ದದ್ದು ನಳಿಗೆಯ ಮೇಲೆಯೇ, 14 ಮಿಲಿಮೀಟರ್ ವ್ಯಾಸ, ಅದೂ ಸೈಕಲ್ಲಿನ ಎಡ ಪೆಡಲಿನ ಹಾಗೆ ಎಡ ತಿರುಪು. ಎಕೆ-74ರಲ್ಲಿ ಎಳೆಗಳು ಫೋರ್‌ಸೈಟ್ ದಿಮ್ಮಿಯ ಮುಂಭಾಗಕ್ಕೆ ಬಂದವು, 24 ಮಿಲಿಮೀಟರ್ ವ್ಯಾಸ, ಬಲ ತಿರುಪು. ಗುರಿ ತೋರುವ ಮೊಳೆಗೂ ಒದೆತ ತಡೆಯುವ ಬ್ರೇಕಿಗೂ ಒಂದೇ ಅಡಿಪಾಯ. ಅನುಕೂಲವೇನೋ ಆಯಿತು, ಆದರೆ ದಿಮ್ಮಿ ಸೊಟ್ಟಗೆ ಕೂತರೆ ಎರಡು ದಂಡ. ದಿಮ್ಮಿ ಪಕ್ಕಕ್ಕೆ ವಾಲಿದರೆ ಗುರಿ ತಪ್ಪುತ್ತದೆ. ಅದರ ಎಳೆಗಳ ನಡುರೇಖೆ ನಳಿಗೆಯ ನಡುರೇಖೆಗೆ ಹೊಂದದಿದ್ದರೆ ಗುಂಡು ಬ್ರೇಕಿನ ಗೋಡೆಯನ್ನೇ ಸವರಿಕೊಂಡು ಹೋಗುತ್ತದೆ. ಸ್ವಲ್ಪ ಸವರಿದರೆ ಗುಂಡು ದಿಕ್ಕೆಡುತ್ತದೆ, ಹೆಚ್ಚು ತಾಗಿದರೆ ಬ್ರೇಕೇ ಒಡೆದು ಹಾರಬಹುದು. ಬ್ರೇಕಿನ ರಂಧ್ರ ನಳಿಗೆಯ ರಂಧ್ರದೊಡನೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮಕೇಂದ್ರವಾಗಿದೆಯೇ ಎಂದು ಪರೀಕ್ಷಿಸದೆ ಗುಂಡು ತುಂಬುವುದು ಮೂರ್ಖತನ.

ಸೈಟನ್ನು ಮುಟ್ಟದೆ ಬ್ರೇಕನ್ನಷ್ಟೇ ಹೊಸದಾಗಿ ಹಾಕಿದರೂ ಝೀರೋಯಿಂಗ್ ತಪ್ಪದು. ಗುಂಡು ಹಾರುವ ಕ್ಷಣದಲ್ಲಿ ನಳಿಗೆ ಮೀಟಿದ ತಂತಿಯ ಹಾಗೆ ಕಂಪಿಸುತ್ತದೆ. ತುದಿಯಲ್ಲಿ ನೂರು ಗ್ರಾಂ ಭಾರ ಹೆಚ್ಚಿದರೂ ಆ ಕಂಪನದ ಲಯ ಬದಲಾಗುತ್ತದೆ. ಗುಂಡು ಹೊರಬೀಳುವಾಗ ಮೂತಿ ಇರುವ ಜಾಗವೂ ಬದಲಾಗುತ್ತದೆ. ಹಳೆಯ ಗುರಿ ಹಳೆಯ ನಳಿಗೆಗೆ ಮಾತ್ರ.

ಇದೆಲ್ಲ ಮನೆಯ ಜಗಲಿಯಲ್ಲಿ ಕುಳಿತು ಮಾಡುವ ಕೆಲಸವೂ ಅಲ್ಲ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೋವಿ ದುರಸ್ತಿಯನ್ನು ಕಸುಬಾಗಿ ನಡೆಸಲು ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಇದ್ದವರೂ ಇಂಥ ಕೆಲಸವನ್ನು ಪರವಾನಗಿ ಪಡೆದ ಕಸುಬುದಾರರಿಗೇ ಒಪ್ಪಿಸಬೇಕು.

ಕಿವಿ ತೆರುವ ತೆರಿಗೆ

ಪ್ರಕೃತಿಯ ಅಂಗಡಿಯಲ್ಲಿ ಪುಕ್ಕಟೆ ಸಾಮಾನಿಲ್ಲ. ಭುಜಕ್ಕೆ ಉಳಿದದ್ದನ್ನು ಕಿವಿ ಕಟ್ಟಿಕೊಡಬೇಕು. ಬ್ರೇಕ್ ಇಲ್ಲದ ಕೋವಿಯಲ್ಲಿ ಅನಿಲ ಮುಂದಕ್ಕೆ ಸಿಡಿಯುತ್ತದೆ, ಶಬ್ದದ ಹೆಚ್ಚು ಪಾಲು ಗುರಿಯ ಕಡೆಗೆ ಹೋಗುತ್ತದೆ. ಬ್ರೇಕ್ ಅದನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುತ್ತದೆ. ಪಕ್ಕದಲ್ಲಿ ಯಾರಿರುತ್ತಾರೆ? ಹಾರಿಸುವವನು, ಅವನ ಜೊತೆಗಾರ, ನೋಡಲು ಬಂದವರು.

ಸಾಧಾರಣ ಮಾತುಕತೆ ಸುಮಾರು 60 ಡೆಸಿಬೆಲ್. ರೈಫಲಿನ ಸಿಡಿತ ಹಾರಿಸುವವನ ಕಿವಿಯ ಬಳಿ 150ರಿಂದ 165 ಡೆಸಿಬೆಲ್. ಬ್ರೇಕ್ ಇದ್ದರೆ ಅದಕ್ಕೂ ಹಲವು ಡೆಸಿಬೆಲ್ ಸೇರುತ್ತದೆ. ಡೆಸಿಬೆಲ್ ಅಳತೆಯಲ್ಲಿ ಪ್ರತಿ ಹತ್ತು ಮೆಟ್ಟಿಲಿಗೆ ತೀವ್ರತೆ ಹತ್ತು ಪಟ್ಟು. ಅರವತ್ತರಿಂದ ನೂರ ಅರವತ್ತಕ್ಕೆ ಏರುವುದೆಂದರೆ ಸಾವಿರ ಕೋಟಿ ಪಟ್ಟು. ಇಂಥ ಹಠಾತ್ ಸಿಡಿತಕ್ಕೆ ವಯಸ್ಕರ ಕಿವಿಯ ಮೇಲ್ಮಿತಿ 140 ಡೆಸಿಬೆಲ್ ಎಂದು ತಜ್ಞರು ಹೇಳುತ್ತಾರೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ.

ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ನಾಳವಿದೆ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳು ಸಾಲಾಗಿ ನಿಂತು ಶಬ್ದದ ಅಲೆಗೆ ತಲೆದೂಗುತ್ತವೆ, ಗಾಳಿಗೆ ಬಾಗುವ ಭತ್ತದ ಪೈರಿನ ಹಾಗೆ. ಬಿರುಗಾಳಿಗೆ ಪೈರು ಮಲಗಿದರೆ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಈ ಕೋಶಗಳು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಚಿತ್ರವೆಂದರೆ ಕೋಳಿಮರಿಯ ಕಿವಿಯಲ್ಲಿ ಅವು ಮರಳಿ ಬೆಳೆಯುತ್ತವೆ! 1980ರ ದಶಕದಲ್ಲಿಯೇ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ಹಕ್ಕಿಗಿರುವ ಈ ಭಾಗ್ಯ ನಮಗಿಲ್ಲ.

ಈ ಹಾನಿ ಒಮ್ಮೆಲೇ ಗೊತ್ತಾಗದಿರುವುದೇ ದೊಡ್ಡ ಕಷ್ಟ. ಮೊದಲು ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಮರುದಿನಕ್ಕೆ ಅದು ಇಳಿಯುತ್ತದೆ. ಸರಿಹೋಯಿತು ಎಂದುಕೊಳ್ಳುತ್ತೇವೆ. ಆದರೆ ಮೊದಲು ಹೋಗುವುದು ಕೀರಲು ಸ್ವರಗಳನ್ನು ಹಿಡಿಯುವ ಕೋಶಗಳು, 4 ಸಾವಿರ ಹರ್ಟ್ಸ್ ಆಸುಪಾಸಿನವು. ಸ, ಶ, ತ, ಕ ಇಂಥ ಅಕ್ಷರಗಳ ಮೊನಚು ಅಲ್ಲಿಯೇ ಇರುವುದು. ಸಾಲು, ಹಾಲು ಒಂದೇ ಆಗಿ ಕೇಳತೊಡಗುತ್ತವೆ. ಎದುರಿನವರು ಗಂಟಲಲ್ಲೇ ಮಾತಾಡುತ್ತಾರೆ ಎಂಬ ಸಿಟ್ಟು ಬರುತ್ತದೆ. ಬಲಗೈಯಲ್ಲಿ ಗುರಿಯಿಡುವವರಿಗೆ ಎಡಗಿವಿ ಮೊದಲು ಕೈಕೊಡುತ್ತದೆ, ಏಕೆಂದರೆ ನಳಿಗೆಯ ಮೂತಿಗೆ ಎದುರಾಗಿರುವುದು ಅದೇ. ಬಲಗಿವಿ ತಲೆಯ ಮರೆಯಲ್ಲಿರುತ್ತದೆ.

ಪರಿಹಾರ ದುಬಾರಿಯಲ್ಲ. ಸರಿಯಾಗಿ ತೊಟ್ಟ ಕಿವಿಗಾಪು ಅಥವಾ ಕಿವಿಯೊಳಗಿಡುವ ಬಿರಡೆ 20ರಿಂದ 30 ಡೆಸಿಬೆಲ್ ತಡೆಯುತ್ತದೆ. 160ರಿಂದ ಕಳೆದರೆ ಹೇಗೋ ಮಿತಿಯೊಳಗೆ ಬಂದೆವು. ಬ್ರೇಕ್ ಇರುವ ಕೋವಿಯಾದರೆ ಬಿರಡೆ, ಕಾಪು ಎರಡೂ ಬೇಕು. ಹತ್ತಿ ತುರುಕಿಕೊಂಡರೆ ಸಾಕು ಎನ್ನುವುದು ಕೇವಲ ಸಮಾಧಾನ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಗಳು ಸ್ಪರ್ಧೆಯ ರೈಫಲುಗಳಲ್ಲಿ ಮಝಲ್ ಬ್ರೇಕನ್ನು ನಿಷೇಧಿಸಿರುವುದನ್ನು ಇಲ್ಲಿ ನೆನೆಯಬಹುದು. ಸಾಲಾಗಿ ನಿಂತು ಹಾರಿಸುವಲ್ಲಿ ಒಬ್ಬರ ಭುಜದ ಸುಖ ಪಕ್ಕದವರ ಮುಖಕ್ಕೆ ಬೀಸುವ ಗಾಳಿಯಾಗಬಾರದಲ್ಲ.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬ. ಮನೆಮನೆಯಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಅಲ್ಲಿಯ ಕೋವಿಗಳಲ್ಲಿ ಬ್ರೇಕ್ ಕಾಣುವುದು ಅಪರೂಪ. ಆದರೆ ಬ್ರೇಕ್ ಇಲ್ಲದ ತೋಟಾ ಕೋವಿಯ ಸಿಡಿತವೂ 140ರ ಮಿತಿಯನ್ನು ಸಲೀಸಾಗಿ ದಾಟುತ್ತದೆ. ಅಪ್ಪನ ಪಕ್ಕದಲ್ಲಿ ನಿಂತು, ಕಾಯಿ ಎಂದು ಒಡೆಯುತ್ತದೋ ಎಂದು ಕಣ್ಣರಳಿಸಿ ನೋಡುವ ಮಗುವಿನ ಎರಡೂ ಕೈ ಕಿವಿಯ ಮೇಲಿಲ್ಲದಿದ್ದರೆ, ಹಬ್ಬದ ಸಂಭ್ರಮದಲ್ಲಿ ಯಾರಿಗೂ ಅದರ ಕಡೆ ಗಮನ ಇರುವುದಿಲ್ಲ.

ಕೋವಿಯ ಮೊಳೆ ಸರಿದರೆ ಮತ್ತೆ ಸರಿಸಬಹುದು. ಬ್ರೇಕ್ ಸೊಟ್ಟಗಾದರೆ ಬಿಚ್ಚಿ ಹೊಸದು ಹಾಕಬಹುದು. ಶೂನ್ಯ ದೋಷವನ್ನು ನಾಲ್ಕು ಗುಂಡಿನಲ್ಲಿ ತಿದ್ದಬಹುದು. ಆ ಮಗುವಿನ ಒಳಗಿವಿಯ ಪೈರಿಗೆ ಮಾತ್ರ ಎರಡನೆಯ ನಾಟಿ ಇಲ್ಲ. ಕಾಯಿ ಒಡೆದಾಗ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಇನ್ನು ಐವತ್ತು ವರ್ಷವೂ ಆ ಚಪ್ಪಾಳೆ ಅದಕ್ಕೆ ಕೇಳಿಸುತ್ತಿರಬೇಕಲ್ಲವೇ?